ಕಾನೂನು ಸೇವೆಯ ಭವಿಷ್ಯದ ಸಮಾವೇಶಕ್ಕೆ ಹೊರಟ ವಕೀಲರಿಗೆ: ಡೈರಿಯಿಂದ ಮಳಿಗೆಯವರೆಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹೋಟೆಲುಗಳಲ್ಲಿ ನಡೆಯುವ ‘ಕಾನೂನು ಸೇವೆಯ ಭವಿಷ್ಯ’ದ ಸಮಾವೇಶಗಳಿಗೆ ಜಿಲ್ಲೆ, ತಾಲ್ಲೂಕುಗಳಿಂದ ಹೋಗಿ ಬಂದ ವಕೀಲರ ದೂರು ಹೆಚ್ಚುಕಡಿಮೆ ಒಂದೇ. ಎರಡು ದಿನ ಕೋರ್ಟು ಬಿಟ್ಟು ಹೋದೆವು, ಚೀಲದ ತುಂಬ ಕರಪತ್ರ ತಂದೆವು, ಯಾವುದೋ ತಂತ್ರಾಂಶಕ್ಕೆ ವರ್ಷದ ಚಂದಾ ಕಟ್ಟಿದೆವು, ಮೂರನೇ ತಿಂಗಳಿಗೆ ಅದರ ಪಾಸ್‌ವರ್ಡ್ ಕೂಡ ಮರೆತುಹೋಯಿತು. ಕೆಲಸದ ಕ್ರಮ ತಲೆಕೆಳಗಾದದ್ದೇ ಇದಕ್ಕೆ ಕಾರಣ. ಮೊದಲು ಹಣ ಕಟ್ಟುತ್ತಾರೆ, ಆಮೇಲೆ ಕಾರ್ಯಕ್ರಮ ಪಟ್ಟಿ ಓದುತ್ತಾರೆ, ತಮಗೆ ಏನು ಬೇಕಿತ್ತು ಎಂದು ಊರಿಗೆ ಮರಳುವ ಬಸ್ಸಿನಲ್ಲಿ ಯೋಚಿಸುತ್ತಾರೆ.

ಇಲ್ಲಿ ಕ್ರಮವನ್ನು ನೆಟ್ಟಗೆ ಮಾಡಿ ಬರೆದಿದ್ದೇನೆ. ಒಂದಿಬ್ಬರು ಕಿರಿಯರನ್ನೂ ಒಬ್ಬ ಗುಮಾಸ್ತರನ್ನೂ ಇಟ್ಟುಕೊಂಡು ಕಚೇರಿ ನಡೆಸುವ ವಕೀಲರು ನನ್ನ ಮನಸ್ಸಿನಲ್ಲಿದ್ದಾರೆ. ಕಂಪನಿಗಳ ಕಾನೂನು ವಿಭಾಗದವರಿಗೆ ಐದು ಮತ್ತು ಆರನೇ ಹಂತಗಳಷ್ಟೇ ಸಾಕಾದೀತು.

## 1. ಕಚೇರಿಯ ಒಂದು ತೊಡಕನ್ನು ಗುರುತಿಸಿ

ಸಮಾವೇಶಕ್ಕೆ ಮೂರು ವಾರ ಇರುವಾಗಲೇ ಇದು ಶುರುವಾಗಬೇಕು. ಬೇರೆ ಪುಸ್ತಕ ಬೇಡ. ಕೇಸಿನ ದಿನಾಂಕ ಬರೆಯುವ ಡೈರಿಯ ಅಂಚಿನಲ್ಲೇ ಹದಿನೈದು ದಿನ ಲೆಕ್ಕ ಇಡಿ: ಕರಡು ಬರೆಯಲು ಎಷ್ಟು ಹೊತ್ತು ಹೋಯಿತು, ಬೆರಳಚ್ಚು ತಿದ್ದಲು ಎಷ್ಟು, ತೀರ್ಪು ಹುಡುಕಲು ಎಷ್ಟು, ಕನ್ನಡ ದಾಖಲೆಯನ್ನು ಹೈಕೋರ್ಟ್ ಮೇಲ್ಮನವಿಗಾಗಿ ಇಂಗ್ಲಿಷಿಗೆ ತರಲು ಎಷ್ಟು, ‘ಸಾರ್, ನಮ್ಮ ಕೇಸು ಏನಾಯಿತು’ ಎಂಬ ಫೋನಿಗೆ ಎಷ್ಟು. ಗುಮಾಸ್ತರಿಂದಲೂ ಬರೆಸಿ. ಹೊತ್ತು ಎಲ್ಲಿ ಸೋರುತ್ತಿದೆ ಎಂಬುದು ವಕೀಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಈ ಲೆಕ್ಕದಿಂದ ಒಂದೇ ವಾಕ್ಯ ಹೊರಡಬೇಕು. ‘ಕೃತಕ ಬುದ್ಧಿಮತ್ತೆಯನ್ನು ಕಲಿಯಬೇಕು’ ಎಂಬ ವಾಕ್ಯದಿಂದ ಏನೂ ಪ್ರಯೋಜನವಿಲ್ಲ. ‘ನೋಂದಾಯಿತ ಕ್ರಯಪತ್ರವೊಂದನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿಸಲು ಇಡೀ ದಿನ ಹಿಡಿಯುತ್ತಿದೆ, ಅದು ಅರ್ಧ ದಿನಕ್ಕೆ ಇಳಿಯಬೇಕು’ ಎಂದು ಬರೆದರೆ ಅದನ್ನು ಹಿಡಿದುಕೊಂಡು ಸಮಾವೇಶದಲ್ಲಿ ತಂತ್ರಾಂಶ ಮಾರುವ ಕಂಪನಿಗಳ ಮಳಿಗೆಯಿಂದ ಮಳಿಗೆಗೆ ಹೋಗಬಹುದು, ಉತ್ತರ ಸಿಕ್ಕಿತೋ ಇಲ್ಲವೋ ಎಂದು ಅಳೆಯಲೂಬಹುದು.

ಲೆಕ್ಕ ಹಾಕಿದಾಗ ಹೊರಬಂದ ತೊಡಕಿಗೆ ಈಗಾಗಲೇ ಪುಕ್ಕಟೆ ಪರಿಹಾರ ಇರಲೂಬಹುದು. ಮುಂದಿನ ದಿನಾಂಕ ತಿಳಿಯುವುದೇ ಕಷ್ಟವಾಗಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಸಾಕು. ಕಕ್ಷಿದಾರರಿಗೂ ಆ ಸಂಖ್ಯೆ ಬರೆದುಕೊಟ್ಟು, ನೋಡುವುದನ್ನು ಒಮ್ಮೆ ಕಲಿಸಿದರೆ ಅರ್ಧಕ್ಕರ್ಧ ಫೋನು ನಿಲ್ಲುತ್ತದೆ. ಅಂಥವರು ಸಮಾವೇಶದ ದುಡ್ಡು ಉಳಿಸಿಕೊಳ್ಳಲಿ.

## 2. ಕಾರ್ಯಕ್ರಮ ಪಟ್ಟಿಯನ್ನು ವಕಾಲತ್ತಿನ ಕಣ್ಣಿನಿಂದ ಓದಿ

ಆಮಂತ್ರಣದ ಮುಖಪುಟದಲ್ಲಿ ನ್ಯಾಯಮೂರ್ತಿಗಳ ಭಾವಚಿತ್ರ ಇದ್ದೇ ಇರುತ್ತದೆ. ಅವರು ಉದ್ಘಾಟನೆ ಮಾಡಿ ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಪಟ್ಟಿಯ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ನೋಡಿ.

ಗೋಷ್ಠಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಾಯೋಜಕರ ಹೆಸರಿದ್ದು, ವೇದಿಕೆಯ ಮೇಲೂ ಅದೇ ಕಂಪನಿಯವರು ಕುಳಿತಿದ್ದರೆ ಅದು ಮಾರಾಟದ ಮಾತು. ಕೇಳಬಾರದೆಂದೇನಿಲ್ಲ. ಆದರೆ ಅದೇ ಮಾತು ಮಳಿಗೆಯಲ್ಲಿ ಕಾಫಿಯ ಜೊತೆಗೆ ಪುಕ್ಕಟೆಯಾಗಿ ಸಿಗುತ್ತದೆ. ಐದು ಜನರ ಚರ್ಚೆಗೆ ಮೂವತ್ತೈದು ನಿಮಿಷ ಇಟ್ಟಿದ್ದರೆ ಒಬ್ಬೊಬ್ಬರಿಗೆ ಹೆಚ್ಚೆಂದರೆ ಏಳು ನಿಮಿಷ ಬಂದೀತು. ಅಲ್ಲಿ ಪರಿಚಯ ಮತ್ತು ಪರಸ್ಪರ ಹೊಗಳಿಕೆಗೇ ಸಮಯ ಮುಗಿಯುತ್ತದೆ. ಒಬ್ಬರೋ ಇಬ್ಬರೋ ಕುಳಿತು ಒಂದೇ ಪ್ರಕ್ರಿಯೆಯನ್ನು ಬಿಡಿಸಿ ತೋರಿಸುವ ಗೋಷ್ಠಿಗಳ ಪಕ್ಕದಲ್ಲಿ ಗುರುತು ಹಾಕಿ.

ವಿಷಯಗಳ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ.

ನ್ಯಾಯಾಲಯಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತದ ಗೋಷ್ಠಿಯನ್ನು ತಪ್ಪಿಸಬೇಡಿ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ನಾಲ್ಕು ವರ್ಷಗಳಿಗೆ 7,210 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಕಡತಗಳ ಡಿಜಿಟಲೀಕರಣ, ಇ-ಫೈಲಿಂಗ್ ಎಲ್ಲವೂ ಇದರೊಳಗೆ ಬರುತ್ತವೆ. ನೀವು ಬೇಡವೆಂದರೂ ಇದು ನಿಮ್ಮ ಕೋರ್ಟಿನ ಬಾಗಿಲಿಗೆ ಬರುತ್ತದೆ. ಮಾತನಾಡುವವರು ಹೈಕೋರ್ಟಿನ ಕಂಪ್ಯೂಟರ್ ವಿಭಾಗದವರೋ ಸಲಹಾ ಕಂಪನಿಯವರೋ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ವಿಚಾರಣಾ ನ್ಯಾಯಾಲಯದ ವಕೀಲರಿಗೆ ತಕ್ಷಣ ದಕ್ಕುವುದು ವಿದ್ಯುನ್ಮಾನ ಸಾಕ್ಷ್ಯದ ಗೋಷ್ಠಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಿದ್ದ, ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ 63ನೇ ಕಲಂ ಬಂದಿದೆ. ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಷ್ ಮೌಲ್ಯ (ಕಡತದಿಂದಲೇ ಲೆಕ್ಕ ಹಾಕಿ ತೆಗೆಯುವ, ಕಡತ ತಿದ್ದಿದರೆ ಬದಲಾಗುವ ಸಂಕೇತ) ಬರೆಯಬೇಕು, ತಜ್ಞರು ತುಂಬಬೇಕಾದ ಭಾಗವೂ ಇದೆ. ಒಂದು ವಾಟ್ಸ್‌ಆ್ಯಪ್ ಧ್ವನಿಮುದ್ರಿಕೆಯ ಹ್ಯಾಷ್ ಮೌಲ್ಯವನ್ನು ಎಲ್ಲರ ಎದುರಿಗೆ ತೆಗೆದು ತೋರಿಸುವ ಗೋಷ್ಠಿ ಸಿಕ್ಕರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.

ಆನ್‌ಲೈನ್ ವ್ಯಾಜ್ಯ ಪರಿಹಾರದ ಗೋಷ್ಠಿಯಲ್ಲಿ ಉತ್ಸಾಹ ಜಾಸ್ತಿ. 2023ರ ಮಧ್ಯಸ್ಥಿಕೆ (ಮೀಡಿಯೇಷನ್) ಕಾಯಿದೆ ಆನ್‌ಲೈನ್ ಮಧ್ಯಸ್ಥಿಕೆಗೂ ಜಾಗ ಕೊಟ್ಟಿದೆ ನಿಜ, ಆದರೆ ಅದರ ಕಲಂಗಳು ಎಲ್ಲವೂ ಒಮ್ಮೆಗೇ ಜಾರಿಗೆ ಬರಲಿಲ್ಲ. ‘ಇವತ್ತು ಯಾವ ಕಲಂ ಜಾರಿಯಲ್ಲಿದೆ?’ ಎಂಬ ಒಂದು ಪ್ರಶ್ನೆಯಿಂದ ಭಾಷಣಕಾರರು ಎಷ್ಟು ಓದಿಕೊಂಡು ಬಂದಿದ್ದಾರೆ ಎಂಬುದು ತಿಳಿಯುತ್ತದೆ. ವಿದೇಶಿ ಕಾನೂನು ಸಂಸ್ಥೆಗಳ ಪ್ರವೇಶದ ಗೋಷ್ಠಿಯನ್ನು ಬಿಟ್ಟುಬಿಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಅವರು ನಮ್ಮ ನ್ಯಾಯಾಲಯಗಳಲ್ಲಿ ವಾದಿಸುವಂತಿಲ್ಲ. ಚನ್ನಪಟ್ಟಣದ ಸಿವಿಲ್ ವಕೀಲರ ನಿದ್ದೆ ಕೆಡಿಸುವ ಸಂಗತಿ ಅದಲ್ಲ.

ಪಟ್ಟಿ ಓದಿ ಮುಗಿದ ಮೇಲೂ ನಿಮ್ಮ ವಾಕ್ಯಕ್ಕೆ ಹೊಂದುವ ಎರಡು ಗೋಷ್ಠಿ, ಮೂರು ಮಳಿಗೆ ಸಿಗಲಿಲ್ಲವೇ? ಆ ಸಮಾವೇಶ ನಿಮಗಲ್ಲ.

## 3. ಕೋರ್ಟಿನ ದಿನ, ಕೈಯ ಹಣ

ನೋಂದಣಿಗೆ ಮೊದಲು ಆ ದಿನಗಳ ಡೈರಿ ಪುಟ ತೆರೆಯಿರಿ. ಪಾಟೀಸವಾಲು ಅಥವಾ ಅಂತಿಮ ವಾದ ಇದ್ದರೆ ಹೋಗಬೇಡಿ. ಉಳಿದ ಪ್ರಕರಣಗಳನ್ನು ಕಡತ ಓದಿದ ಕಿರಿಯರಿಗೋ ಜೊತೆಯ ವಕೀಲರಿಗೋ ಒಪ್ಪಿಸಿ. ‘ಸುಮ್ಮನೆ ನಿಂತು ದಿನಾಂಕ ತೆಗೆದುಕೋ’ ಎಂದು ಹೇಳಿ ಹೊರಡುವುದು ಒಪ್ಪಿಸಿದಂತಲ್ಲ. ಮುಂದೂಡಿಕೆ ಕೇಳುವ ಯೋಚನೆಯೇ ಬೇಡ. ವಕೀಲರಿಗೆ ಇನ್ನೊಂದು ನ್ಯಾಯಾಲಯದಲ್ಲಿ ಕೆಲಸವಿದೆ ಎಂಬುದೂ ಮುಂದೂಡಿಕೆಗೆ ಕಾರಣವಾಗದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶವೇ ಹೇಳುವಾಗ, ಹೋಟೆಲಿನ ಸಮಾವೇಶ ಕಾರಣವಾದೀತೇ?

ಶುಲ್ಕದ ಕೆಳಗೆ ‘ತೆರಿಗೆ ಪ್ರತ್ಯೇಕ’ ಎಂದು ಬರೆದಿರುತ್ತಾರೆ. ಅಲ್ಲಿ ಶೇ 18 ಸೇರಿಸಿ ಲೆಕ್ಕ ಹಾಕಿ. ವಕೀಲರ ಸೇವೆಯ ಮೇಲಿನ ಜಿಎಸ್‌ಟಿಯನ್ನು ಹಿಮ್ಮುಖ ಪಾವತಿ ಕ್ರಮದಲ್ಲಿ ಕಕ್ಷಿದಾರ ವ್ಯಾಪಾರ ಸಂಸ್ಥೆಯೇ ಕಟ್ಟುವುದರಿಂದ ಸಾಮಾನ್ಯವಾಗಿ ವಕೀಲರು ಜಿಎಸ್‌ಟಿ ನೋಂದಣಿ ಮಾಡಿಸಿರುವುದಿಲ್ಲ. ಹಾಗಾಗಿ ಈ ಶೇ 18 ನಿಮಗೆ ವಾಪಸು ಬರುವ ಹಣವಲ್ಲ. ಒಟ್ಟು ವೃತ್ತಿ ಆದಾಯದ ಅರ್ಧವನ್ನು ಲಾಭವೆಂದು ತೋರಿಸುವ ಅಂದಾಜು ಪದ್ಧತಿಯಲ್ಲಿ ನೀವು ಆದಾಯ ತೆರಿಗೆ ಕಟ್ಟುತ್ತಿದ್ದರೆ ಸಮಾವೇಶದ ಖರ್ಚನ್ನು ಮತ್ತೆ ಬೇರೆಯಾಗಿ ಕಳೆಯಲು ಬರುವುದಿಲ್ಲ. ‘ತೆರಿಗೆಯಲ್ಲಿ ಕಳೆಯಬಹುದು ಸಾರ್’ ಎಂದು ಟಿಕೆಟ್ ಮಾರುವವರ ಮಾತಿಗೆ ತಲೆಯಾಡಿಸುವ ಮುನ್ನ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಹಣ ಕಟ್ಟುವ ಮೊದಲು ಇನ್ನೆರಡು ವಿಚಾರ ನೋಡಿ. ಮಳಿಗೆ ಪ್ರದರ್ಶನಕ್ಕೆ ಮಾತ್ರ ಪಾಸ್ ಇದೆಯೇ? ಬಹಳ ಕಡೆ ಅದು ಪುಕ್ಕಟೆ ಅಥವಾ ಅಗ್ಗ, ಸಣ್ಣ ಕಚೇರಿಯವರಿಗೆ ಅದೇ ಸಾಕು. ಹೋಗಲಾಗದಿದ್ದರೆ ಹಣ ಹಿಂದಿರುಗುತ್ತದೆಯೇ ಅಥವಾ ಬೇರೆಯವರ ಹೆಸರಿಗೆ ವರ್ಗಾಯಿಸಬಹುದೇ? ಕೋರ್ಟಿನ ದಿನಾಂಕ ನಮ್ಮ ಕೈಯಲ್ಲಿ ಇಲ್ಲದಿರುವುದರಿಂದ ಈ ಷರತ್ತಿಗೆ ಮುಂಗಡ ರಿಯಾಯಿತಿಗಿಂತ ಬೆಲೆ ಹೆಚ್ಚು. ಪ್ರಮಾಣಪತ್ರ ಕೊಡುತ್ತಾರೆ ಎಂಬ ಕಾರಣಕ್ಕೆ ಹೋಗಬೇಡಿ. ಅಮೆರಿಕದ ಹಲವು ರಾಜ್ಯಗಳಲ್ಲಿ ವಕೀಲಿಕೆಯ ಸನ್ನದು ಉಳಿಯಬೇಕಾದರೆ ಇಂಥ ಕಲಿಕೆಯ ಗಂಟೆಗಳನ್ನು ತೋರಿಸಬೇಕು. ನಮ್ಮಲ್ಲಿ ಆ ಕಾಗದ ಗೋಡೆಗೆ ಮಾತ್ರ.

ದೂರದ ಊರಿನವರು ಹಿಂದಿನ ಸಂಜೆಯೇ ಬೆಂಗಳೂರು ಸೇರಿ. ರಾತ್ರಿ ಬಸ್ಸಿನಿಂದ ಮೆಜೆಸ್ಟಿಕ್‌ನಲ್ಲಿ ಇಳಿದು, ಹೊರವರ್ತುಲ ರಸ್ತೆಯ ಹೋಟೆಲಿಗೆ ಬೆಳಗಿನ ದಟ್ಟಣೆಯಲ್ಲಿ ಹೋಗುವಷ್ಟರಲ್ಲಿ ಮಳಿಗೆಗಳು ಖಾಲಿ ಇರುವ ಮೊದಲ ಗಂಟೆ ಕೈತಪ್ಪಿರುತ್ತದೆ.

## 4. ಪರೀಕ್ಷೆಯ ಕಡತ ಸಿದ್ಧಪಡಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಮಳಿಗೆಯಲ್ಲಿ ಕಂಪನಿಯವರು ತೋರಿಸುವ ಮಾದರಿ ದಾಖಲೆ ಯಾವಾಗಲೂ ಚೊಕ್ಕ ಇಂಗ್ಲಿಷಿನ ಒಪ್ಪಂದಪತ್ರ. ಅದರ ಮೇಲೆ ಎಂಥ ತಂತ್ರಾಂಶವೂ ಮಿಂಚುತ್ತದೆ. ನಿಮ್ಮ ಕಪಾಟಿನಲ್ಲಿ ಇರುವ ಕಾಗದವೇ ಬೇರೆ, ಆದ್ದರಿಂದ ಅದನ್ನೇ ಒಯ್ಯಿರಿ.

ಮೂರು ಸಾಕು. ಒಂದು, ಹಳೆಯ ನೋಂದಾಯಿತ ಕ್ರಯಪತ್ರದ ಅತ್ಯಂತ ಕೆಟ್ಟ ಪುಟ: ಉಪನೋಂದಣಾಧಿಕಾರಿಯ ಮೊಹರು ಅಕ್ಷರಗಳ ಮೇಲೆ ಕುಳಿತಿರುವ, ಮಡಿಕೆಯ ಗೆರೆಯಲ್ಲಿ ಒಂದು ಸಾಲು ಅಳಿಸಿರುವ ಪುಟ. ಎರಡು, ಕನ್ನಡದ ಪ್ರಥಮ ವರ್ತಮಾನ ವರದಿ ಅಥವಾ ಸಾಕ್ಷಿಯ ಹೇಳಿಕೆ. ಮೂರು, ನಿಮಗೆ ಉತ್ತರ ಚೆನ್ನಾಗಿ ಗೊತ್ತಿರುವ ಐದು ಕಾನೂನು ಪ್ರಶ್ನೆಗಳ ಚೀಟಿ.

ಕಕ್ಷಿದಾರರ ಗುರುತು ಹೊರಹೋಗಕೂಡದು. ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರ ಮೇಲೆ ಹೊರಿಸಿರುವ ಗೌಪ್ಯತೆಯ ಹೊಣೆ ಹೋಟೆಲಿನ ಬಾಗಿಲಲ್ಲಿ ಇಳಿದುಹೋಗುವುದಿಲ್ಲ. ಗುರುತು ಮರೆಸುವಾಗ ಆಗುವ ದೊಡ್ಡ ತಪ್ಪೆಂದರೆ ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ಸುಮ್ಮನಾಗುವುದು. ಎಷ್ಟೋ ಸಲ ಪಟ್ಟಿಯ ಕೆಳಗೆ ಅಕ್ಷರ ಹಾಗೆಯೇ ಇರುತ್ತದೆ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಹೊರಗೆ ಬರುತ್ತದೆ. ಹಳೆಯ ಉಪಾಯವೇ ಮೇಲು. ಪುಟವನ್ನು ಮುದ್ರಿಸಿ, ಹೆಸರು, ಸರ್ವೆ ನಂಬರ್, ಆಧಾರ್, ಫೋನ್ ಸಂಖ್ಯೆಗಳ ಮೇಲೆ ಬೇರೆ ಹೆಸರು-ಅಂಕಿ ಬರೆದ ಚೀಟಿ ಅಂಟಿಸಿ, ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನೇ ಸ್ಕ್ಯಾನ್ ಮಾಡಿ. ಕಡತದ ಹೆಸರಿನಲ್ಲಿ ಕಕ್ಷಿದಾರರ ಹೆಸರು ಉಳಿದಿಲ್ಲ ಎಂದೂ ನೋಡಿಕೊಳ್ಳಿ.

ಚೀಲದಲ್ಲಿ ನಿಮ್ಮದೇ ಲ್ಯಾಪ್‌ಟಾಪ್, ಮೊಬೈಲ್ ಇಂಟರ್ನೆಟ್, ಚಾರ್ಜರ್, ಒಂದು ಸಣ್ಣ ನೋಟ್‌ಬುಕ್ ಇರಲಿ. ಪೆನ್‌ಡ್ರೈವ್ ಬೇಡ, ಹತ್ತಾರು ಜನರ ಲ್ಯಾಪ್‌ಟಾಪಿಗೆ ಚುಚ್ಚಿದ್ದನ್ನು ತಂದು ಕಚೇರಿಯ ಕಂಪ್ಯೂಟರಿಗೆ ಹಾಕುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕೊರಳಿನ ಬಿಳಿ ಬ್ಯಾಂಡ್ ಕೂಡ ಮನೆಯಲ್ಲಿರಲಿ. ವಿಧ್ಯುಕ್ತ ಸಮಾರಂಭಗಳನ್ನು ಬಿಟ್ಟರೆ ನ್ಯಾಯಾಲಯದ ಹೊರಗೆ ಸಾರ್ವಜನಿಕ ಸ್ಥಳಗಳಲ್ಲಿ ವಕೀಲರು ಬ್ಯಾಂಡ್, ಗೌನ್ ಧರಿಸಬಾರದು ಎಂದು ಪರಿಷತ್ತಿನ ನಿಯಮವೇ ಇದೆ.

## 5. ಸಭಾಂಗಣದ ಒಳಗೆ

ಮೊದಲ ದಿನ ಬೆಳಿಗ್ಗೆ ಬೇಗ ಹೋಗಿ. ಉದ್ಘಾಟನೆಗೆ ಎಲ್ಲರೂ ಒಳಗೆ ಕುಳಿತಿರುವಾಗ ಮಳಿಗೆಗಳಲ್ಲಿ ಜನ ಇರುವುದಿಲ್ಲ. ನಿಮ್ಮ ಪರೀಕ್ಷೆಗೆ ಅರ್ಧ ಗಂಟೆ ಸಿಗುವುದು ಆಗಲೇ. ಊಟದ ವಿರಾಮದಲ್ಲಿ ಮಳಿಗೆಗೆ ಹೋದವರಿಗೆ ಕರಪತ್ರವೂ ಒಂದು ಪೆನ್ನೂ ಸಿಗುತ್ತವೆ.

ಗೋಷ್ಠಿಯಲ್ಲಿ ಬಾಗಿಲಿಗೆ ಹತ್ತಿರ ಕುಳಿತುಕೊಳ್ಳಿ. ಹತ್ತು ನಿಮಿಷ ಕಳೆದರೂ ಭಾಷಣಕಾರರು ‘ಮುಂದಿನ ದಶಕದಲ್ಲಿ’ ಎಂಬಲ್ಲೇ ಇದ್ದು, ಯಾವ ಪ್ರಕ್ರಿಯೆ, ಯಾರು ಮಾಡಿದರು, ಎಷ್ಟು ಖರ್ಚಾಯಿತು ಎಂಬುದಕ್ಕೆ ಬಾರದಿದ್ದರೆ ಎದ್ದು ಹೊರಡಿ. ಅದರಲ್ಲಿ ಅಗೌರವವೇನೂ ಇಲ್ಲ.

ಪುಟದ ಎಡಕ್ಕೆ ಕೇಳಿದ್ದು, ಬಲಕ್ಕೆ ನಿಮ್ಮ ಕಚೇರಿಯಲ್ಲಿ ಅದು ಎಲ್ಲಿ ಕೂರುತ್ತದೆ ಎಂಬುದು ಇರಲಿ. ಪರದೆಯ ಪ್ರತಿಯೊಂದು ಚಿತ್ರವನ್ನೂ ಮೊಬೈಲಿನಲ್ಲಿ ಹಿಡಿಯುವವರು ಆಮೇಲೆ ಅದನ್ನು ತೆರೆದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಧ್ವನಿಮುದ್ರಣಕ್ಕೆ ಮೊದಲು ಅನುಮತಿ ಕೇಳಿ. ‘ಚಾಥಮ್ ಹೌಸ್ ನಿಯಮ’ ಎಂದು ಘೋಷಿಸಿದ ಗೋಷ್ಠಿಯಲ್ಲಿ ಕೇಳಿದ ವಿಷಯವನ್ನು ಬಳಸಬಹುದು, ಯಾರು ಹೇಳಿದರು ಎಂದು ಮಾತ್ರ ಹೊರಗೆ ಹೇಳುವಂತಿಲ್ಲ. ವಕೀಲರ ಸಂಘದ ವಾಟ್ಸ್‌ಆ್ಯಪ್ ಗುಂಪೂ ‘ಹೊರಗೆ’ ಎಂಬುದರಲ್ಲಿ ಸೇರಿದೆ.

ಪ್ರಶ್ನೆ ಕೇಳುವಾಗ ಎರಡೇ ವಾಕ್ಯ: ನನ್ನ ಕೆಲಸ ಇಂಥದ್ದು, ಅದರಲ್ಲಿ ಇದು ಹೇಗೆ ನಡೆಯುತ್ತದೆ? ಮೈಕ್ ಸಿಕ್ಕೊಡನೆ ವಾದ ಮಂಡನೆ ಆರಂಭಿಸುವುದು ನಮ್ಮ ವೃತ್ತಿಯ ಹಳೆಯ ಕಾಯಿಲೆ. ಕನ್ನಡದಲ್ಲಿ ಕೇಳಲು ಹಿಂಜರಿಯಬೇಡಿ. ಬೆಂಗಳೂರಿನ ವೇದಿಕೆಯ ಮೇಲೆ ಅರ್ಥವಾಗುವವರು ಒಬ್ಬರಾದರೂ ಇರುತ್ತಾರೆ.

## 6. ಮಳಿಗೆಯಲ್ಲಿ ಮೂರು ಪರೀಕ್ಷೆ

ಸಮಾವೇಶದ ಖರ್ಚು ವಸೂಲಾಗುವುದು ಇಲ್ಲಿ. ಕಂಪನಿಯವರ ಪ್ರಾತ್ಯಕ್ಷಿಕೆ ಮುಗಿಯುವವರೆಗೆ ಸುಮ್ಮನಿದ್ದು, ‘ಈಗ ನನ್ನದೊಂದು ಹಾಕಿ ನೋಡೋಣವೇ?’ ಎಂದು ಕೇಳಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ, ನಿಮ್ಮ ಇಂಟರ್ನೆಟ್‌ನಲ್ಲಿ, ಅವರು ಕೊಡುವ ಪ್ರಾಯೋಗಿಕ ಖಾತೆಯಿಂದ ಮಾಡಿಸಿ. ‘ಇಲ್ಲಿ ಆಗುವುದಿಲ್ಲ, ನಿಮ್ಮ ಕಚೇರಿಗೇ ಬಂದು ತೋರಿಸುತ್ತೇವೆ’ ಎಂದರೆ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ ಸೊನ್ನೆ ಬರೆಯಿರಿ.

ಮೊದಲ ಪರೀಕ್ಷೆ, ಕನ್ನಡ ಪುಟ. ಕ್ರಯಪತ್ರದ ಸ್ಕ್ಯಾನ್ ಹಾಕಿ ಇಂಗ್ಲಿಷ್ ಅನುವಾದ ಕೇಳಿ. ವಾಕ್ಯ ಸೊಗಸಾಗಿದೆಯೇ ಎಂದು ನೋಡಬೇಡಿ, ಆಸ್ತಿಯ ವಿವರವಿರುವ ಅನುಸೂಚಿಗೆ ಇಳಿಯಿರಿ. ವಿಸ್ತೀರ್ಣ ‘2-07’ ಎಂದಿದ್ದರೆ ಅದು ಎರಡು ಎಕರೆ ಏಳು ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶದಲ್ಲಿ 2.175 ಎಕರೆ ಆಗಬೇಕು. ತಂತ್ರಾಂಶ ಅದನ್ನು 2.07 ಎಕರೆ ಮಾಡಿದರೆ ನಾಲ್ಕು ಗುಂಟೆಗಿಂತ ಹೆಚ್ಚು ಜಮೀನು ಕಾಗದದ ಮೇಲೆಯೇ ಮಾಯವಾಯಿತು. ಚೆಕ್ಕುಬಂದಿಯಲ್ಲಿ ಪೂರ್ವದ ಹಳ್ಳ ಪೂರ್ವದಲ್ಲೇ ಉಳಿದಿದೆಯೇ, ಪಶ್ಚಿಮದ ಜಮೀನಿನವರ ಹೆಸರು ದಕ್ಷಿಣಕ್ಕೆ ಜಾರಿದೆಯೇ ನೋಡಿ. ಹಿಸ್ಸಾ ನಂಬರ್ (ಸರ್ವೆ ನಂಬರಿನ ಉಪಭಾಗ), ಖರಾಬು (ಸಾಗುವಳಿಗೆ ಬಾರದ ಜಮೀನು), ಪೋಡಿ (ಜಮೀನಿನ ವಿಭಜನೆ) ಇವು ಏನಾಗಿವೆ ನೋಡಿ. ಅಳಿಸಿಹೋದ ಸಾಲನ್ನು ಏನು ಮಾಡಿತು ಎಂಬುದು ಎಲ್ಲಕ್ಕಿಂತ ಮುಖ್ಯ. ‘ಇಲ್ಲಿ ಓದಲಾಗುತ್ತಿಲ್ಲ’ ಎಂದು ಬರೆಯುವ ತಂತ್ರಾಂಶವನ್ನು ನಂಬಬಹುದು. ಇಲ್ಲದ್ದನ್ನು ತಾನೇ ಊಹಿಸಿ ತುಂಬಿದ್ದರೆ ಅದನ್ನು ಕಚೇರಿಯ ಹೊಸ್ತಿಲು ದಾಟಿಸಬೇಡಿ.

ಎರಡನೆಯದು, ಉತ್ತರ ಗೊತ್ತಿರುವ ಪ್ರಶ್ನೆ. ಕರ್ನಾಟಕದ ಕಾನೂನಿನಿಂದಲೇ ಆರಿಸಿ. ನಾನು ಹೇಳುವ ಪ್ರಶ್ನೆ ಇದು: ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯಿದೆಯಡಿ ಜಮೀನು ವಾಪಸಾತಿಗೆ ಅರ್ಜಿ ಹಾಕಲು ಕಾಲಮಿತಿ ಇದೆಯೇ? ಇದರ ಉತ್ತರಕ್ಕೆ ಪದರಗಳಿವೆ. ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು ಎಂದು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ರಾಜ್ಯ ಶಾಸಕಾಂಗ ಕಾಯಿದೆಗೆ ತಿದ್ದುಪಡಿ ತಂದು ಕಾಲಮಿತಿ ಅಡ್ಡಬಾರದು ಎಂದಿತು. ಆ ತಿದ್ದುಪಡಿಯನ್ನು ಹೇಗೆ ಓದಬೇಕೆಂದು ಹೈಕೋರ್ಟಿನಿಂದ ಆಮೇಲೆ ತೀರ್ಪುಗಳು ಬಂದಿವೆ. ಮೊದಲ ಪದರದಲ್ಲೇ ನಿಂತ ಸಂಶೋಧನಾ ತಂತ್ರಾಂಶ ನಿಮ್ಮನ್ನು ಉಪವಿಭಾಗಾಧಿಕಾರಿಯ ಎದುರು ಬರಿಗೈಯಲ್ಲಿ ನಿಲ್ಲಿಸುತ್ತದೆ. ಕೊಟ್ಟ ಪ್ರತಿಯೊಂದು ತೀರ್ಪಿನ ಕೊಂಡಿಯನ್ನೂ ಒತ್ತಿ, ಪೂರ್ಣ ಪಠ್ಯ ತೆರೆದುಕೊಳ್ಳುತ್ತದೆಯೇ ಎಂದು ನೋಡಿ.

ಮೂರನೆಯದು, ಇಲ್ಲದ ತೀರ್ಪು. ಇಬ್ಬರು ಕಕ್ಷಿಗಾರರ ಹೆಸರು, ಒಂದು ಐಎಲ್‌ಆರ್ ಕರ್ನಾಟಕ (ಹೈಕೋರ್ಟ್ ತೀರ್ಪುಗಳ ವರದಿ ಸಂಪುಟ) ಪುಟಸಂಖ್ಯೆ ನೀವೇ ಕಟ್ಟಿ, ‘ಈ ತೀರ್ಪಿನ ಸಾರ ಹೇಳು’ ಎಂದು ಕೇಳಿ. ಸಿಗಲಿಲ್ಲ ಎಂದರೆ ಪಾಸು. ಸಾರ ಹೇಳಲು ಶುರುಮಾಡಿದರೆ ಧನ್ಯವಾದ ಹೇಳಿ ಮುಂದಿನ ಮಳಿಗೆಗೆ ನಡೆಯಿರಿ. ಇದು ಕುಚೋದ್ಯವಲ್ಲ. ಕೃತಕ ಬುದ್ಧಿಮತ್ತೆ ಕಟ್ಟಿಕೊಟ್ಟ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳು ಕಾಣಿಸಿಕೊಂಡಿದ್ದನ್ನು 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಅದೇ ವರ್ಷದ ಜುಲೈನಲ್ಲಿ ಕೇರಳ ಹೈಕೋರ್ಟ್, ತೀರ್ಮಾನ ಅಥವಾ ಆದೇಶಕ್ಕೆ ಬರಲು ಕೃತಕ ಬುದ್ಧಿಮತ್ತೆಯನ್ನು ಬಳಸಕೂಡದು ಎಂದು ತನ್ನ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯನ್ನೇ ಮಾಡಿತು.

ಮೂರೂ ಮುಗಿದ ಮೇಲೆ ಹಣದ ಮಾತು, ದತ್ತಾಂಶದ ಮಾತು. ಇವನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲಿ ಉತ್ತರ ಕಳುಹಿಸಲು ಹೇಳಿ:

- ನಾನು ಏರಿಸಿದ ಕಡತ ಯಾವ ದೇಶದ ಸರ್ವರ್‌ನಲ್ಲಿ, ಎಷ್ಟು ದಿನ ಇರುತ್ತದೆ?
- ಅದನ್ನು ನಿಮ್ಮ ತಂತ್ರಾಂಶದ ತರಬೇತಿಗೆ ಬಳಸುತ್ತೀರಾ? ಬೇಡವೆನ್ನುವ ಆಯ್ಕೆ ಎಲ್ಲಿದೆ?
- ಚಂದಾ ನಿಲ್ಲಿಸಿದರೆ ನನ್ನ ಕಡತಗಳು ಸಾಮಾನ್ಯ ವರ್ಡ್, ಪಿಡಿಎಫ್ ರೂಪದಲ್ಲಿ ವಾಪಸು ಸಿಗುತ್ತವೆಯೇ?
- ಬೆಲೆ ಕಚೇರಿಗೋ, ಒಬ್ಬೊಬ್ಬರಿಗೋ? ಗುಮಾಸ್ತರಿಗೂ ಬೇರೆ ಶುಲ್ಕವೇ?

‘ಇವತ್ತೇ ಸೇರಿದರೆ ಅರ್ಧ ಬೆಲೆ’ ಎಂಬ ಮಾತು ಬಂದರೆ ಎಚ್ಚರ. ಪುಕ್ಕಟೆ ಪ್ರಯೋಗಕ್ಕೂ ಕಾರ್ಡಿನ ವಿವರ ಕೇಳಿದರೆ ಇನ್ನೂ ಎಚ್ಚರ. ಒಮ್ಮೆ ಸ್ವಯಂಪಾವತಿಗೆ ಒಪ್ಪಿಗೆ ಕೊಟ್ಟರೆ 15,000 ರೂಪಾಯಿವರೆಗಿನ ನವೀಕರಣ ಶುಲ್ಕ ಪ್ರತಿ ಸಲವೂ ಒಟಿಪಿ ಕೇಳದೆಯೇ ಕಡಿತವಾಗಬಹುದು. ಮೊದಲೇ ಸಂದೇಶ ಬರುತ್ತದೆ, ಆದರೆ ಪಾಟೀಸವಾಲಿನ ನಡುವೆ ಅದನ್ನು ಓದುವವರು ಯಾರು?

## 7. ಕಾರ್ಡು, ಪರಿಚಯ ಮತ್ತು 36ನೇ ನಿಯಮ

ಬೇರೆ ಉದ್ಯಮದವರ ಸಮಾವೇಶಕ್ಕೂ ವಕೀಲರ ಸಮಾವೇಶಕ್ಕೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಕೆಲಸ ಬೇಡಿ ಪ್ರಚಾರ ಮಾಡುವಂತಿಲ್ಲ. ಫಲಕ, ಲೇಖನಸಾಮಗ್ರಿಗಳ ಮೇಲೆ ‘ಭೂವ್ಯಾಜ್ಯ ತಜ್ಞರು’ ಎಂದೋ, ವಕೀಲರ ಸಂಘದ ಮಾಜಿ ಅಧ್ಯಕ್ಷರು ಎಂದೋ ಹಾಕಿಸುವಂತಿಲ್ಲ. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ವೃತ್ತಿ ಕ್ಷೇತ್ರ ಇವನ್ನು ನಮೂದಿಸಲು 2008ರ ತಿದ್ದುಪಡಿ ಅವಕಾಶ ಕೊಟ್ಟಿದೆ; ಆ ರಿಯಾಯಿತಿಯನ್ನು ಕಾರ್ಡಿಗೆ ಎಳೆಯಬೇಡಿ. ಕಾರ್ಡಿನಲ್ಲಿ ಹೆಸರು, ‘ವಕೀಲರು’, ವಿಳಾಸ, ಫೋನು. ಕೇಳಿದವರಿಗೆ ಕೊಡಿ. ಊಟದ ಮೇಜಿನ ಮೇಲೆ ಇಸ್ಪೀಟಿನಂತೆ ಹಂಚಬೇಡಿ.

ಕೆಲವು ಮಳಿಗೆಗಳು ಬಹಳ ಸಿಹಿಯಾದ ಪ್ರಸ್ತಾಪ ಇಡುತ್ತವೆ: ‘ನಾವು ಕಕ್ಷಿದಾರರನ್ನು ಕಳುಹಿಸುತ್ತೇವೆ, ಶುಲ್ಕದಲ್ಲಿ ನಮಗೆ ಇಷ್ಟು ಪಾಲು.’ ಅಲ್ಲಿಂದ ಎದ್ದು ಬನ್ನಿ. ವಕೀಲರಲ್ಲದವರೊಂದಿಗೆ ಸಂಭಾವನೆ ಹಂಚಿಕೊಳ್ಳುವ ಏರ್ಪಾಡು ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಆನ್‌ಲೈನ್ ತಾಣಗಳ ಮೂಲಕ ಕೆಲಸ ಕೋರುವ ವಕೀಲರ ಮೇಲೆ ಶಿಸ್ತುಕ್ರಮ ಕೈಗೊಳ್ಳಬೇಕೆಂದು 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ನಿರ್ದೇಶಿಸಿದ್ದೂ ನೆನಪಿರಲಿ. ಇಂಥ ಮಳಿಗೆ ಸಮಾವೇಶದಲ್ಲಿದೆ ಎಂದ ಮಾತ್ರಕ್ಕೆ ಅದು ನಿಯಮಬದ್ಧ ಎಂದಾಗದು. ಜಾಗದ ಬಾಡಿಗೆ ಕೊಟ್ಟವರಿಗೆಲ್ಲ ಮಳಿಗೆ ಸಿಗುತ್ತದೆ.

ನಿಜವಾಗಿ ಮಾತನಾಡಿಸಬೇಕಾದವರು ನಿಮ್ಮಂಥ ಕಚೇರಿಯಲ್ಲಿ ಆ ತಂತ್ರಾಂಶವನ್ನು ಒಂದು ವರ್ಷ ಬಳಸಿದ ವಕೀಲರು. ‘ನಿಮ್ಮ ತಂತ್ರಾಂಶ ಬಳಸುವ ಧಾರವಾಡದ ಅಥವಾ ಕಲಬುರಗಿಯ ವಕೀಲರೊಬ್ಬರ ಸಂಪರ್ಕ ಕೊಡಿಸಿ’ ಎಂದು ಮಳಿಗೆಯವರನ್ನೇ ಕೇಳಿ. ಅಂಥವರು ಸಿಕ್ಕರೆ ಏನು ಇಷ್ಟವಾಯಿತು ಎಂದು ಕೇಳುವ ಬದಲು ಏನನ್ನು ಬಳಸುವುದು ನಿಲ್ಲಿಸಿದಿರಿ ಎಂದು ಕೇಳಿ. ಹತ್ತು ಭಾಷಣ ಹೇಳದ್ದನ್ನು ಆ ಒಂದು ಉತ್ತರ ಹೇಳುತ್ತದೆ.

## 8. ಮರಳಿದ ರಾತ್ರಿ ಮತ್ತು ಮುಂದಿನ ಮೂವತ್ತು ದಿನ

ಕರಪತ್ರಗಳನ್ನು ಊರಿಗೆ ತರಬೇಡಿ. ಹೊರಡುವ ಮುನ್ನ ನೋಟ್‌ಬುಕ್ ತೆರೆದು, ಮೊದಲ ಹಂತದಲ್ಲಿ ಬರೆದ ಆ ಒಂದು ವಾಕ್ಯದ ಕೆಳಗೆ ಮೂರು ಪರೀಕ್ಷೆಯನ್ನೂ ದಾಟಿದ ಹೆಸರುಗಳನ್ನು ಬರೆಯಿರಿ. ಒಂದೂ ಇಲ್ಲದಿದ್ದರೆ ಅದೂ ಒಂದು ಫಲಿತಾಂಶವೇ. ವರ್ಷದ ಚಂದಾ ಉಳಿಯಿತು. ಎರಡಿದ್ದರೆ ಒಂದನ್ನು ಮಾತ್ರ ಆರಿಸಿ. ಎರಡನ್ನೂ ಒಟ್ಟಿಗೆ ಪ್ರಯೋಗಿಸಿದ ಕಚೇರಿಗಳಲ್ಲಿ ಗುಮಾಸ್ತರು ಮೂರನೇ ವಾರಕ್ಕೆ ಹಳೆಯ ಟೈಪಿಂಗ್‌ಗೇ ಮರಳಿರುತ್ತಾರೆ.

ಮೂವತ್ತು ದಿನದ ಪ್ರಯೋಗಕ್ಕೆ ಮುಗಿದ ಪ್ರಕರಣಗಳ ಕಡತ ಬಳಸಿ, ಅವುಗಳಲ್ಲೂ ಗುರುತು ಮರೆಸಿ. ಸರಿಯಾದ ಅನುವಾದ ಈಗಾಗಲೇ ನಿಮ್ಮ ಬಳಿ ಇರುವುದರಿಂದ ತಂತ್ರಾಂಶದ ತಪ್ಪು ಎದ್ದು ಕಾಣುತ್ತದೆ. ಪ್ರತಿ ಕಡತಕ್ಕೂ ಎರಡು ಅಂಕಿ ಬರೆದಿಡಿ: ತಂತ್ರಾಂಶ ತೆಗೆದುಕೊಂಡ ಹೊತ್ತು, ಅದನ್ನು ತಿದ್ದಲು ನಿಮಗೆ ಹಿಡಿದ ಹೊತ್ತು. ಎರಡನೆಯದನ್ನು ಬಿಟ್ಟು ಲೆಕ್ಕ ಹಾಕುವುದರಿಂದಲೇ ಎಲ್ಲ ತಂತ್ರಾಂಶಗಳೂ ಅದ್ಭುತವಾಗಿ ಕಾಣುವುದು. ತಿದ್ದುವ ಕೆಲಸ ಕಿರಿಯರಿಗೆ ಬಿಟ್ಟಿದ್ದರೂ ಕೊನೆಯ ಓದು ನಿಮ್ಮದೇ ಆಗಿರಲಿ. ಅರ್ಜಿಯ ಕೆಳಗೆ ಸಹಿ ಮಾಡುವವರು ನೀವು.

ಇಪ್ಪತ್ತೈದನೇ ದಿನಕ್ಕೆ ಫೋನಿನಲ್ಲಿ ನೆನಪೋಲೆ ಇಟ್ಟುಕೊಳ್ಳಿ. ಪುಕ್ಕಟೆ ಅವಧಿ ಮುಗಿದು ಹಣ ಕಡಿತವಾಗುವುದಕ್ಕೆ ಮೊದಲೇ ತೀರ್ಮಾನ ಆಗಬೇಕು. ಎರಡೂ ಹೊತ್ತು ಸೇರಿ ಹಳೆಯ ಹೊತ್ತಿಗಿಂತ ಗಣನೀಯವಾಗಿ ಕಡಿಮೆಯಾಗಿದ್ದರೆ ತಿಂಗಳ ಚಂದಾ ತೆಗೆದುಕೊಳ್ಳಿ, ಮೊದಲ ವರ್ಷ ವಾರ್ಷಿಕ ಚಂದಾ ಬೇಡ. ಬೇಡವೆಂದು ತೀರ್ಮಾನಿಸಿದರೆ ಆ್ಯಪ್ ಅಳಿಸಿ ಸುಮ್ಮನಾಗಬೇಡಿ. ಖಾತೆ ಮುಚ್ಚಲು, ಏರಿಸಿದ ಎಲ್ಲ ಕಡತ ಅಳಿಸಲು, ಅಳಿಸಿದ್ದನ್ನು ಲಿಖಿತವಾಗಿ ದೃಢಪಡಿಸಲು ಇಮೇಲ್ ಬರೆಯಿರಿ. ಉತ್ತರ ಬಂದ ಮೇಲೆ ಬ್ಯಾಂಕಿನ ಆ್ಯಪ್ ತೆರೆದು ಸ್ವಯಂಪಾವತಿಯ ಒಪ್ಪಿಗೆ ನಿಜಕ್ಕೂ ರದ್ದಾಗಿದೆಯೇ ಎಂದು ನೀವೇ ನೋಡಿ.